ಗೌರಿ ಹಬ್ಬಕ್ಕೆ ಕರೆಯಲು ಹೋದವಳು

ನಂಜುಂಡನನ್ನು ಹಿಡಿಸಿಕೊಟ್ಟವಳು ನಾನು. ನಮ್ಮ ದೊಡ್ಡವ್ವ ಅಲ್ಲ. ಇಷ್ಟನ್ನು ಮೊದಲು ಬರೆದುಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಮಳೆ ಹನಿಯುತ್ತಿತ್ತೆಂದು ನನ್ನ ನೆನಪು, ಗೆಳತಿ ಲಲಿತ ಇಲ್ಲವೆನ್ನುತ್ತಾಳೆ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ — ತೆಗೆದು ನೋಡಿದರೆ ಆ ವಾರವೆಲ್ಲ ಹಬ್ಬದ ಅಡುಗೆಯ ಸುದ್ದಿ. ಕಾಲೇಜು ಓದುವ ಹುಡುಗಿ, ಯಾವುದನ್ನು ಬರೆಯಬಾರದೆಂದು ಚೆನ್ನಾಗಿ ತಿಳಿದೇ ಬರೆದಿದ್ದಾಳೆ.

ಲಕ್ಷ್ಮೀಪುರಂನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದು ಓದುತ್ತಿದ್ದೆ. ದೊಡ್ಡಪ್ಪ ಸಂಸ್ಥಾನದ ಒಬ್ಬ ಮಂತ್ರಿಗೆ ಆಪ್ತ ಕಾರ್ಯದರ್ಶಿ. ಹೊಲ ಉಳುವವರ ಮನೆಯಿಂದ ಬಂದು, ಅರಮನೆಯ ನೆರವಿನಿಂದ ಓದಿ ಮೇಲೆ ಬಂದವರು. ಕಚೇರಿಯಲ್ಲಿ ಅಚ್ಚುಕಟ್ಟಾದ ಇಂಗ್ಲಿಷು, ಮನೆಯಲ್ಲಿ ಊರಿನ ಮಾತು. ‘ನಮ್ಮನ್ನ ಮನುಷ್ಯರು ಮಾಡಿದ್ದು ಆ ಮನೆ ಉಪ್ಪು ಕಣವ್ವ’ ಎನ್ನುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದಾಗಿತ್ತು. ಮೈಸೂರಿನಲ್ಲಿ ಇನ್ನೂ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ, ದಿನವೂ ಮೆರವಣಿಗೆ, ಲಾಠಿ. ಚಳವಳಿಯವರ ಗುಟ್ಟು ತಿಳಿದು ಮಂತ್ರಿಗೆ ಮುಟ್ಟಿಸುವುದು ದೊಡ್ಡಪ್ಪನ ಕೆಲಸ. ಆದರೆ ಅವರು ಯಾರನ್ನೂ ಗದರಿಸಿ ಕೇಳಿದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕೂತಾಗ ನನ್ನನ್ನು ವಿಚಾರಿಸುತ್ತಿದ್ದರು — ಯಾರ ಮನೆಗೆ ಹೋಗಿದ್ದೆ, ಏನು ತಿಂಡಿ ಕೊಟ್ಟರು, ಯಾರಿಗೆ ಹುಷಾರಿಲ್ಲ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಬೇರೆ ಯಾರೂ ಕೇಳಿದ್ದಿಲ್ಲ. ಅದರ ರುಚಿ ನನಗೆ ಹತ್ತಿತ್ತು.

ಗೌರಿ ಹಬ್ಬದ ಬೆಳಗ್ಗೆ ಕುಂಕುಮದ ಬಟ್ಟಲು ಹಿಡಿದು, ಗೊತ್ತಿದ್ದ ಮನೆಗಳಿಗೆಲ್ಲ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟೆ. ಮದುವೆಯಾಗದ ಹುಡುಗಿಯರ ಕೆಲಸ ಅದು. ಕರೆಯಲು ಬಂದ ಹುಡುಗಿಯನ್ನು ಯಾವ ಮನೆಯವರೂ ಹೊಸ್ತಿಲಾಚೆ ನಿಲ್ಲಿಸುವುದಿಲ್ಲ. ಕೃಷ್ಣಮೂರ್ತಿಪುರಂನಲ್ಲಿ ನನ್ನ ಗೆಳತಿ ಲಲಿತನ ಮನೆ. ನೇರ ಅಡುಗೆಮನೆಗೇ ಹೋದೆ. ಅವಳ ಅಣ್ಣ ನಂಜುಂಡ ಚಳವಳಿಯ ಹುಡುಗರಿಗೆ ಮುಂದಾಳು. ವಾರಂಟು ಹೊರಟ ಮೇಲೆ ಊರು ಬಿಟ್ಟಿದ್ದಾನೆಂದು ಎಲ್ಲರೂ ನಂಬಿದ್ದರು. ಒಲೆಯ ಮೇಲೆ, ಹೂರಣದ ಪಾತ್ರೆಯ ಪಕ್ಕದಲ್ಲಿ, ಆಡುಸೋಗೆ ಕಷಾಯ ಕುದಿಯುತ್ತಿತ್ತು. ಉಬ್ಬಸಕ್ಕೆ ಕೊಡುವ ಮದ್ದು ಅದು. ನಂಜುಂಡನಿಗೆ ಉಬ್ಬಸವೆಂದು ಊರಿಗೇ ಗೊತ್ತು. ಆ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ನಾನು ನೋಡಿದ್ದನ್ನು ಲಲಿತನ ತಾಯಿ ನೋಡಿದರು. ‘ನನಗೇ ಕಣೇ, ಕೆಮ್ಮು’ ಎಂದರು.

ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಬಂದರು.

‘ಏನವ್ವ, ಊರೆಲ್ಲಾ ಸುತ್ಕಂಡ್ ಬಂದಾ? ಯಾರ ಮನೆ ಒಬ್ಬಟ್ಟು ಚೆಂದಾಗೈತೆ?’

ನಾನು ನಗುತ್ತಾ ಒಂದೊಂದೇ ಮನೆ ಹೇಳಿದೆ. ‘ಲಲಿತನ ಮನೇಲಿ ಮಾತ್ರ ಹಬ್ಬದ ದಿನಾನೂ ಆಡುಸೋಗೆ ಕಷಾಯ’ ಎಂದೆ.

ತುತ್ತು ಎತ್ತಿದ ಅವರ ಕೈ ನಿಲ್ಲಲಿಲ್ಲ. ‘ಪಾಪ, ಯಾರ್ಗಂತೆ?’

‘ಅವರಮ್ಮಂಗಂತೆ. ಆದ್ರೆ ಅವರು ಕೆಮ್ಮಿದ್ದೇ ನಾ ಕೇಳ್ಲಿಲ್ಲ.’

ಕಷಾಯದ ಮಾತು ಬಾಯಿತಪ್ಪಿ ಬಂತೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಕೆಮ್ಮಿನ ಮಾತಿಗೆ ಆ ನೆಪವೂ ಇಲ್ಲ — ಅದನ್ನು ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ‘ಜಾಣೆ’ ಎಂದರು. ಅಥವಾ ಏನೂ ಅನ್ನಲಿಲ್ಲವೇನೋ, ಆ ಮಾತನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ದೊಡ್ಡವ್ವ ಬಡಿಸುತ್ತಿದ್ದಳು, ಇಲ್ಲ, ತುಪ್ಪ ತರಲು ಒಳಗೆ ಹೋಗಿದ್ದಳು. ಎಷ್ಟು ಯೋಚಿಸಿದರೂ ಆ ಗಳಿಗೆಯಲ್ಲಿ ಅವಳು ನನಗೆ ಕಾಣಿಸುವುದಿಲ್ಲ.

ಸಂಜೆ ದೊಡ್ಡವ್ವ ಮೊರದ ಬಾಗಿನ ಹಿಡಿದು ಲಲಿತನ ಮನೆಗೆ ಹೋಗಿ ಬಂದಳು. ಒಬ್ಬಳೇ. ಮರುದಿನ ಬೆಳಗ್ಗೆ, ಗಣಪತಿ ಕೂರಿಸುವ ಹೊತ್ತಿಗೆ, ಪೊಲೀಸರು ನಂಜುಂಡನನ್ನು ಅಟ್ಟದಿಂದ ಇಳಿಸಿಕೊಂಡು ಹೋದರು.

ಅರಮನೆಗೂ ಚಳವಳಿಯವರಿಗೂ ರಾಜಿಯಾಗಿ ಎಲ್ಲರನ್ನೂ ಜೈಲಿನಿಂದ ಬಿಟ್ಟಾಗ ಅವನೂ ಬಂದ. ಹಾರ ಹಾಕಿ, ಮಾತಾಡು ಎಂದರು. ಒಂದು ವಾಕ್ಯ ಮುಗಿಸುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ಹೆಚ್ಚು ಕಾಲ ಬದುಕಲಿಲ್ಲ.

ಹೊಸ ಸರ್ಕಾರ ಬಂದ ಕೂಡಲೇ ದೊಡ್ಡಪ್ಪನ ಕುರ್ಚಿಯಲ್ಲಿ ಬೇರೆಯವರು ಕೂತರು. ದೊಡ್ಡಪ್ಪನ ಹಳೆಯ ಜೊತೆಗಾರರು ಜರಿಪೇಟ ಬಿಚ್ಚಿ ಬಿಳಿ ಟೋಪಿ ಹಾಕಿದರು. ಅವರಲ್ಲೊಬ್ಬ ಮನೆಗೇ ಬಂದು, ‘ನಿಮ್ಮಂಥ ಕಿವಿ ಇವರಿಗೂ ಬೇಕು, ಬನ್ನಿ ಸಾರ್’ ಎಂದು ಕರೆದ.

‘ನಾನು ಒಂದೇ ಮನೆ ನಾಯಿ ಕಣಯ್ಯ. ನೀನು ಯಾರು ಅನ್ನ ಆಕಿದ್ರೂ ಬಾಲ ಆಡುಸ್ತೀಯ, ಓಗು.’

ದಸರೆಗೆ ಹಳೆಯ ಪೇಟ ಸುತ್ತಿಕೊಂಡು ದರ್ಬಾರಿಗೆ ಹೋಗುವುದನ್ನು ಅವರು ಬಿಡಲಿಲ್ಲ. ಊಟಕ್ಕೆ ಕೂತಾಗ ನನ್ನನ್ನು ವಿಚಾರಿಸುವುದನ್ನೂ ಬಿಡಲಿಲ್ಲ. ತಿಳಿದದ್ದನ್ನು ಒಪ್ಪಿಸಲು ಅವರಿಗೆ ಯಾರೂ ಇರಲಿಲ್ಲ, ಆದರೂ ಕೇಳುತ್ತಿದ್ದರು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳಾದ ಮೇಲೂ ಅದು ನಿಲ್ಲಲಿಲ್ಲ — ಆ ಕೆಲಸಕ್ಕೆ ನನ್ನ ಪರವಾಗಿ ಮಾತಾಡಿದವರು ಲಲಿತನ ತಂದೆ, ‘ಆ ಮನೇಲಿದ್ರೂ ಇವಳು ನಮ್ಮ ಹುಡುಗಿ’ ಎಂದು. ಯಾರು ಯಾರ ಜೊತೆ ಕಾಫಿ ಕುಡಿದರು, ಯಾರ ಮುಖ ಬಾಡಿತ್ತು — ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಎಚ್ಚೆತ್ತು ನಡುವೆ ನಿಲ್ಲಿಸಿದರೆ ಅವರು ಸುಮ್ಮನೆ ಕಾಯುತ್ತಿದ್ದರು. ನಾನು ಮುಂದುವರಿಸುತ್ತಿದ್ದೆ.

ನಂಜುಂಡ ಹೋದ ಮೇಲೆ ಲಲಿತನ ಮದುವೆಯಾಯಿತು. ಕರೆದದ್ದು ನನ್ನನ್ನು, ದೊಡ್ಡವ್ವ ತಾನೂ ಬರುತ್ತೇನೆಂದಳು. ಸಾಲಾಗಿ ಕೂತ ಹೆಂಗಸರಿಗೆ ಲಲಿತನ ತಾಯಿ ಕುಂಕುಮ ಕೊಡುತ್ತಾ ಬಂದರು. ನನ್ನ ಹಣೆಗೆ ಇಟ್ಟರು. ದೊಡ್ಡವ್ವನನ್ನು ದಾಟಿ ಆಚೆಯವರಿಗೆ ಇಟ್ಟರು. ಮುತ್ತೈದೆಗೆ ಕುಂಕುಮ ತಪ್ಪಿಸುವುದು — ಬೈಗುಳವೂ ಅದಕ್ಕಿಂತ ಮೇಲು. ಆಮೇಲೆ ಅವರು ದೊಡ್ಡವ್ವನ ಕಡೆ ತಿರುಗಿ ನಿಂತರು.

‘ಅವತ್ತು ಬಾಗಿನ ತಂದು ಅಡಿಗೆಮನೆ ಬಾಗ್ಲಲ್ಲಿ ನಿಂತು ಒಲೆ ಕಡೆ, ಅಟ್ಟದ ಕಡೆ ಕಣ್ಣಾಡ್ಸಿದ್ರಿ. ಏನೋ ಹೇಳೋರ ಹಾಗೆ ಬಾಯಿ ತೆಗೆದು ಸುಮ್ಮನೆ ಹೋದ್ರಿ. ಇನ್ನೂ ಏನ್ ನೋಡೋದು ಉಳಿದಿತ್ತು ಕಣ್ರೀ?’

‘ಅವಳಲ್ಲ, ನಾನು’ ಎಂದರೆ ಸಾಕಿತ್ತು. ನನ್ನ ಹಣೆಯ ಕುಂಕುಮ ಮೂಗಿನ ಮೇಲೆ ಉದುರಿತ್ತು. ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಕೂತೆ. ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. ‘ಬತ್ತೀನಿ ಕಣ್ರವ್ವ’ ಎಂದು ಎದ್ದು ಹೋದಳು. ನಾನು ಊಟ ಮಾಡಿಯೇ ಬಂದೆ.

ಆಮೇಲೆ ಯಾರೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಇನ್ನು ಯಾರು ಮನಸ್ಸು ಮಾಡಿದರೂ ಅವಳಿಗೆ ಕುಂಕುಮ ಇಡುವ ಹಾಗಿಲ್ಲ. ಲಲಿತನ ತಾಯಿ ಬದುಕಿದ್ದಾರೆ. ಈ ಭಾನುವಾರ ಹೋಗಿ ಅವರೆದುರು ಹೇಳುತ್ತೇನೆ. ಅದಕ್ಕೆ ಮೊದಲು ದೊಡ್ಡವ್ವನಿಗೆ ಹೇಳಿದೆ. ಹಿತ್ತಲ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೊತ್ತಿತ್ತು ಎನ್ನಲಿಲ್ಲ, ಗೊತ್ತಿರಲಿಲ್ಲ ಎನ್ನಲಿಲ್ಲ. ‘ಆ ಮೊರ ಇತ್ಲಾಗ್ ತಳ್ಳು’ ಎಂದಳಷ್ಟೆ. ಆಗ ಇನ್ನೊಂದು ಮಾತು ಕೇಳಿದೆ.

‘ದೊಡ್ಡವ್ವ, ಅವತ್ತು ಸಂಜೆ ನೀನು ಅವರ ಮನೆಗೆ ಹೋಗಿದ್ದು, ಹುಡುಗನ್ನ ಬೇರೆ ಕಡೆ ಕಳಿಸಿಬಿಡಿ ಅಂತ ಹೇಳೋಕಾ?’