ಖರ್ಜೂರದ ಡಬ್ಬಿ ಹಿಡಿದು ಹೋದ ಸಾಕ್ಷಿ

ಮೊದಲ ನೋಟಕ್ಕೆ ತುಕ್ರನನ್ನು ಯಾವ ವ್ಯಾಪಾರಿಯೂ ಆರಿಸುವುದಿಲ್ಲ. ಮೈಕಟ್ಟು ಗಟ್ಟಿ, ಆದರೆ ಒಂದು ಭುಜ ಇಳಿದಿದೆ. ಮಾತು ತಡ. ಗಿರಾಕಿಯ ಎದುರು ನಗು ಬಾರದು. ಶೋಕೇಸಿನಲ್ಲಿಡುವ ಮಾಲಲ್ಲ, ಗೋದಾಮಿನಲ್ಲಿ ಕೆಡದೆ ಉಳಿಯುವ ಮಾಲು. ಹಾಗೆ ಲೆಕ್ಕ ಹಾಕಿಯೇ ಅರಬ್ ನಾಡಿನ ರಾಬಿಗ್‌ನಲ್ಲಿರುವ ನನ್ನ ದಿನಸಿ ಅಂಗಡಿಯ ವ್ಯಾನನ್ನು ಅವನ ಕೈಗೆ ಕೊಟ್ಟೆ. ರಿಫೈನರಿಯ ಕ್ಯಾಂಪುಗಳಿಗೆ ಅಕ್ಕಿ, ಎಣ್ಣೆ ಮುಟ್ಟಿಸುವುದು ಅವನ ಕೆಲಸ.

ಇಲ್ಲಿಂದ ಊರಿಗೆ ಹೋಗುವವರು ಕಾಣಬೇಕಾದವರಿಗೆಲ್ಲ ಒಂದೊಂದು ಡಬ್ಬಿ ಖರ್ಜೂರ ಒಯ್ಯುತ್ತಾರೆ. ಕೆಲವು ವರ್ಷಗಳ ಹಿಂದೆ ಪಾಸ್‌ಪೋರ್ಟಿನ ಪರಿಶೀಲನೆಗೆಂದು ಕರೆದಾಗ ತುಕ್ರ ತನ್ನೂರಿನ ಪೊಲೀಸ್ ಸ್ಟೇಷನ್ನಿಗೂ ಒಂದು ಡಬ್ಬಿ ಹಿಡಿದು ಹೋಗಿದ್ದ. ಒಳಕೋಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಒಬ್ಬ ಕಾಲೇಜು ಹುಡುಗನ ಕಪಾಳಕ್ಕೆ ಮತ್ತೆ ಮತ್ತೆ ಬಾರಿಸುವುದು ಕಂಡಿತು. ಹುಡುಗ ನನ್ನ ತಂಗಿಯ ಮಗ ಶಹೀರ್. ಉಮ್ರಾ ಯಾತ್ರೆಗೆ ಬಂದಾಗ ನನ್ನ ಅಂಗಡಿಗೂ ಬಂದಿದ್ದವನು, ತುಕ್ರನಿಗೆ ಗುರುತು ಸಿಕ್ಕಿತು. ಬೈಕ್ ತಾಗಿದ ಜಗಳಕ್ಕೆ ಎಳೆತಂದಿದ್ದರು. ಅಂದಿನಿಂದ ಶಹೀರನ ಎಡಗಿವಿ ಕೇಳುವುದಿಲ್ಲ.

ಪೊಲೀಸರ ಮೇಲಿನ ದೂರು ನೋಡಲೆಂದೇ ಒಂದು ಕಚೇರಿಯಿದೆ. ಶಹೀರ್ ಅಲ್ಲಿ ದೂರು ಕೊಟ್ಟ. ಕಣ್ಣಾರೆ ಕಂಡ ಸಾಕ್ಷಿ ತುಕ್ರ ಒಬ್ಬನೇ. ಪೊಲೀಸರದ್ದು ಒಂದೇ ಹಠ: ಈ ಮನುಷ್ಯನನ್ನು ನಾವು ಕಂಡದ್ದೇ ಇಲ್ಲ, ಇವನು ಸ್ಟೇಷನ್ನಿಗೆ ಬಂದೇ ಇಲ್ಲ. ಕ್ಯಾಮೆರಾ ಕೆಟ್ಟಿತ್ತಂತೆ, ಬಂದುಹೋದವರ ಪುಸ್ತಕದಲ್ಲಿ ಅವನ ಹೆಸರೂ ಇಲ್ಲವಂತೆ. ತುಕ್ರ ಇಲ್ಲಿಂದಲೇ ವೀಡಿಯೊದಲ್ಲಿ ಹೇಳುತ್ತೇನೆಂದರೆ ಕಚೇರಿ ಒಪ್ಪಲಿಲ್ಲ. ಖುದ್ದಾಗಿ ಬಾರದಿದ್ದರೆ ದೂರು ಮುಚ್ಚುತ್ತೇವೆ ಎಂದಿತು.

ಅಲ್ಲಿಂದ ಅವನ ರಜೆಗಳೆಲ್ಲ ಆ ಕಚೇರಿಯ ಬೆಂಚಿನ ಪಾಲಾದವು. ಒಮ್ಮೆ ತನಿಖೆಯವರಿಗೆ ವರ್ಗವಾಗಿತ್ತು. ಇನ್ನೊಮ್ಮೆ ತನಿಖೆಯ ಮೇಲೆ ಕಣ್ಣಿಡಬೇಕಾದ ಸದಸ್ಯರ ಕುರ್ಚಿ ಖಾಲಿ. ಮತ್ತೊಮ್ಮೆ ಎಲ್ಲರೂ ಚುನಾವಣೆ ಬಂದೋಬಸ್ತಿಗೆ. “ಈ ಸಲ ಮನೆಗೂ ಬರ್ತೀರಾ, ಬೆಂಚಿಗೆ ಮಾತ್ರವಾ?” ಎಂದು ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದಳು.

ಈ ಬಾರಿ ವಿಚಾರಣೆಯ ದಿನವೇ ಮಗಳು ಅನಿಷಾಳ ನಿಶ್ಚಿತಾರ್ಥ. ಹುಡುಗನ ಕಡೆಯವರು ದಿನ ಬದಲಿಸಲಿಲ್ಲ. ಕಚೇರಿಯಂತೂ ಕೇಳಿಸಿಕೊಳ್ಳಲೇ ಇಲ್ಲ. ತುಕ್ರ ಕಚೇರಿಗೆ ಹೋದ.

ರಜೆ ಮುಗಿಸಿ ಬಂದವನನ್ನು ಕೆಣಕಿದೆ. “ಎಂತ ತುಕ್ರ, ನ್ಯಾಯ ತಂದ್ಯಾ, ಬರೀ ಹಪ್ಪಳ ತಂದ್ಯಾ?”

“ಹಪ್ಪಳ ಉಂಟು ಸಾಹುಕಾರ್ರೆ. ನ್ಯಾಯ ಬ್ಯಾಗಲ್ಲಿ ಹಿಡೀಲಿಲ್ಲ.”

ಅಭ್ಯಾಸಬಲದಿಂದ ಆ ಕಚೇರಿಯ ಗುಮಾಸ್ತನಿಗೂ ಒಂದು ಡಬ್ಬಿ ಖರ್ಜೂರ ಕೊಟ್ಟಿದ್ದಾನೆ. ವಿಚಾರಣೆಗೆ ಬಂದಿದ್ದ ಅದೇ ಹೆಡ್ ಕಾನ್‌ಸ್ಟೆಬಲ್ ಅದನ್ನು ಕಂಡು, ಸಾಕ್ಷಿ ಲಂಚ ಕೊಡುತ್ತಿದ್ದಾನೆಂದು ಗಲಾಟೆ ಎಬ್ಬಿಸಿದ್ದಾನೆ.

“ಶಹೀರನ ಕಿವಿಗೆ ವರ್ಷಗಟ್ಟಲೆ. ಖರ್ಜೂರಕ್ಕೆ ಊಟದ ಮೊದಲೇ ಎನ್‌ಕ್ವಯರಿ!” ಎಂದ ತುಕ್ರ.

“ನೀನೆಂತ ಹೇಳಿದಿ ಮಾರಾಯ?”

“ಕೊಟ್ಟದ್ದು ಹೌದು ಅಂದೆ. ಆ ಸ್ಟೇಷನ್ ಮೆಟ್ಟಿಲು ನಾನು ಹತ್ತಿದ್ದು ಒಂದೇ ಸಲ, ಆವತ್ತು ಈ ಹೆಡ್ಡಿಗೂ ಕೊಟ್ಟಿದ್ದೆ, ಒಳ್ಳೇ ಮಾಲು ಅಂದೆ. ಅವ ಹಾರಿಬಿದ್ದ, ‘ಎಂತ ಒಳ್ಳೇದು? ಅರ್ಧ ಹುಳ ಹಿಡಿದದ್ದು!’ ಅಂತ.”

ನನಗೆ ನಗು ತಡೆಯಲಿಲ್ಲ. ಕಂಡೇ ಇಲ್ಲ ಎಂದವನು ಖರ್ಜೂರದ ಹುಳವನ್ನು ಮರೆತಿರಲಿಲ್ಲ.

“ನಗ್ಬೇಡಿ. ನಿಮ್ಮ ಅಂಗಡಿಯದ್ದೇ ಅದು. ಹಳೇ ಸ್ಟಾಕ್ ಅಂತ ಪುಕ್ಕಟೆ ಕೊಟ್ಟಿದ್ರಿ.”

“ಅದಕ್ಕೇ ಕೆಲಸಕ್ಕೆ ಬಂತು ನೋಡು. ಅವನ ಮಾತು ಬರ್ಕೊಂಡ್ರಾ?”

“ಬರ್ಕೊಂಡ್ರು.”

“ಹಾಗಾದ್ರೆ ಮುಗೀತಲ್ಲ!”

“ಎಲ್ಲಿ ಮುಗಿಯೋದು? ಮೇಲಿನವರು ನೋಡ್ಬೇಕಂತೆ. ಮೇಲಿನ ಕುರ್ಚಿ ಪುನಃ ಖಾಲಿ. ಮುಂದಿನ ರಜೆಗೆ ಬಾ ಅಂದ್ರು.”

“ಹೋಗ್ತೀಯಾ?”

“ಕಂಡದ್ದು ನಾನು. ಮತ್ತೆ ಯಾರು ಹೋಗೋದು?”

ಆಮೇಲೆ ನಿಶ್ಚಿತಾರ್ಥದ ವೀಡಿಯೊ ತೋರಿಸಿದ. ಅಪ್ಪ ನಿಲ್ಲಬೇಕಾದ ಜಾಗದಲ್ಲಿ ಅವನ ಭಾವ ನಿಂತಿದ್ದ. ವೀಡಿಯೊ ಮುಗಿಯುವ ಮೊದಲೇ ಫೋನ್ ಜೇಬಿಗಿಟ್ಟು, ವ್ಯಾನಿನ ಕೀ ತೆಗೆದುಕೊಂಡು ಹೊರಟ.

ಶಹೀರನ ದೂರು ಇನ್ನೂ ಮುಚ್ಚಿಲ್ಲವೆಂದರೆ ಅದು ತುಕ್ರನಿಂದ. ಮಗಳ ಪಕ್ಕದಲ್ಲಿ ಅವನು ನಿಲ್ಲಬೇಕಾಗಿದ್ದ ಆ ಒಂದು ದಿನ, ನಾನು ಅವನಿಗೆ ಕೊಡಬೇಕಾದ ಬಾಕಿ.