ಆಷಾಢದ ಕ್ಯಾಮೆರಾ

ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದ ಇಸ್ತ್ರಿಪೆಟ್ಟಿಗೆಗೆ ಮೊನ್ನೆ ಸ್ವಿಚ್ ಹಾಕಿದಾಗ ಅದರ ಮೇಲೆ ಕೂತಿದ್ದ ಧೂಳು ಸಣ್ಣಗೆ ಸುಟ್ಟು ಒಂದು ವಾಸನೆ ಎದ್ದಿತು. ಕರಕಲೂ ಅಲ್ಲದ, ಹೊಗೆಯೂ ಅಲ್ಲದ ಆ ಒಣ ವಾಸನೆಗೆ ನಾನು ಸೀರೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಮಂಚೇನಹಳ್ಳಿಯ ಮನೆಯಲ್ಲಿ ಶ್ರೀನಿವಾಸ ಮಾವ ಮದುವೆಯ ವಿಡಿಯೊ ಲೈಟು ಹಚ್ಚಿದಾಗ ಬರುತ್ತಿದ್ದ ವಾಸನೆ ಅದು. ನಿಮ್ಮ ಮನೆಯಲ್ಲೂ ಅಂಥದೊಂದು ವಾಸನೆ ಇದ್ದಿರಬೇಕು. ಮನೆ ಹೋಗಿರುತ್ತದೆ, ಅದರ ಜನ ಹೋಗಿರುತ್ತಾರೆ, ವಾಸನೆ ಮಾತ್ರ ಎಲ್ಲೋ ಅಡಗಿ ಕೂತಿದ್ದು ಹೀಗೆ ಯಾವುದೋ ನೆಪಕ್ಕೆ ಹೊರಗೆ ಬರುತ್ತದೆ.

ನಮ್ಮೂರಿನ ಸ್ಕೂಲು ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿದ್ದುದರಿಂದ ಅಪ್ಪ ನನ್ನನ್ನು ತನ್ನ ತಂಗಿ ನಾಗರತ್ನತ್ತೆಯ ಮನೆಯಲ್ಲಿ ಬಿಟ್ಟಿದ್ದ. ಅತ್ತೆ ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳ ಗಂಡ ಶ್ರೀನಿವಾಸ ಮಾವ ಸುತ್ತಲಿನ ಊರುಗಳ ಮದುವೆ, ನಾಮಕರಣಗಳಿಗೆ ವಿಡಿಯೊ ತೆಗೆಯುತ್ತಿದ್ದ. ಗೌರಿಬಿದನೂರಿನ ರಸ್ತೆಗೆ ಮುಖ ಮಾಡಿದ್ದ ಮುಂದಿನ ಕೋಣೆಯೇ ಅವನ ಸ್ಟುಡಿಯೊ. ಅಲ್ಲಿ ಬೆಟ್ಟ, ಹೊಳೆ, ಬಾತುಕೋಳಿ ಬರೆದ ಪರದೆ, ಸುತ್ತಿಟ್ಟ ವೈರು, ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಅದರ ಸಂದಿಯಲ್ಲಿ ಯಾವುದೋ ಮದುವೆಯ ಒಣಗಿದ ಮಲ್ಲಿಗೆ ಎಸಳು. ಸ್ಟುಡಿಯೊ ದಾಟಿದರೆ ನಡುಮನೆ, ಆಮೇಲೆ ಅಡುಗೆಮನೆ. ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದವಳು ಮಾವನ ತಾಯಿ. ಅವಳನ್ನು ನಾವೆಲ್ಲ ಅವ್ವ ಅಂತಲೇ ಕರೆಯುತ್ತಿದ್ದೆವು. ಅವ್ವನ ತವರು ಹಿಂದೂಪುರದ ಕಡೆ. ಅವಳ ಕನ್ನಡದೊಳಗೆ ತೆಲುಗು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಅವಳಿಗೂ ತಿಳಿಯುತ್ತಿರಲಿಲ್ಲ. 'ಯಾಕೆ' ಅನ್ನಬೇಕಾದಲ್ಲೆಲ್ಲ ಅವಳ ಬಾಯಿಗೆ ಬರುತ್ತಿದ್ದುದು 'ಎಂದುಕೇ'.

ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತಿದ್ದವು. ಮಾವ ಕ್ಯಾಮೆರಾವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಗಾಳಿಗೆ ಬಡಿದುಕೊಳ್ಳುವ ಕಿಟಕಿಗಳನ್ನು ಸರಿ ಮಾಡುತ್ತಾ ಮನೆಯಲ್ಲೇ ಇರುತ್ತಿದ್ದ. ನಾನು ಎಂಟನೇ ಕ್ಲಾಸಿಗೆ ಅತ್ತೆಯ ಸ್ಕೂಲು ಸೇರಿದ ವರ್ಷ ಅಲ್ಲಿಗೆ ಒಂದು ಟೀವಿ ಬಂತು. ಬಂದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ ಹೂವಿನ ಬಟ್ಟೆ ಹೊದ್ದು ಸುಮ್ಮನೆ ಕೂತಿತ್ತು. ಒಂದು ಸಂಜೆ ಅತ್ತೆ ಕಾಫಿ ಲೋಟ ಮಾವನ ಕೈಗಿಡುತ್ತಾ, "ರೀ, ಅಲ್ಲಿ ಟೀವಿ ಮಲಗಿದೆ, ಇಲ್ಲಿ ಕ್ಯಾಮೆರಾ ಮಲಗಿದೆ. ನನ್ನ ಮಕ್ಕಳಿಗೆ ಏನಾದ್ರೂ ತೆಗೆದುಕೊಡ್ರಿ" ಅಂದಳು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಮಕ್ಕಳು ಅಂದರೆ ಸ್ಕೂಲಿನವರು. ಮಾವ ನಕ್ಕು, "ಆಷಾಢದಲ್ಲಿ ಯಾರ ಮದುವೆ ತೋರಿಸ್ಲೇ ಅವಕ್ಕೆ?" ಅಂದ.

ಮೊದಲು ತೆಗೆದದ್ದು ದೋಸೆ ಹಿಟ್ಟು ಉಬ್ಬುವುದನ್ನು. ಗಾಜಿನ ಡಬ್ಬಿಯಲ್ಲಿ ಹಿಟ್ಟು ಹಾಕಿ, ಮಾವ ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಆಗಾಗ ಬಂದು ಗುಂಡಿ ಒತ್ತಿ ಚೂರು ಚೂರೇ ತೆಗೆದ. ಸೇರಿಸಿ ನೋಡಿದರೆ ಇಡೀ ದಿನದ ಉಬ್ಬು ಐದು ನಿಮಿಷದಲ್ಲಿ ಏರಿ ಡಬ್ಬಿಯ ಬಾಯಿಗೆ ಬರುತ್ತಿತ್ತು. ಅತ್ತೆ ಪಾಠದ ಮಾತುಗಳನ್ನೆಲ್ಲ ಅದಕ್ಕೆ ಓದಿ ಸೇರಿಸಿದಳು. ಸೂಕ್ಷ್ಮಜೀವಿ, ಹುದುಗುವಿಕೆ, ಇಂಗಾಲದ ಡೈಆಕ್ಸೈಡು. ಮಧ್ಯಾಹ್ನದ ಬಿಸಿಯೂಟದ ಮೇಲೆ ತೋರಿಸಿದ್ದರಿಂದಲೋ ಏನೋ, ನಮ್ಮ ಕ್ಲಾಸಿನ ಅರ್ಧ ಬೆಂಚು ತೂಕಡಿಸಿತು. ಸಂಜೆ ಅತ್ತೆ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಉಬ್ಬೋದನ್ನ ನೋಡೋಕೆ ಮುಂಚೆನೇ ಯಾಕೆ ಉಬ್ಬುತ್ತೆ ಅಂತ ಹೇಳ್ಬಿಟ್ಟೆ. ಇನ್ನೇನು ಉಳೀತು ಅವಕ್ಕೆ?" ಎಂದು ತನಗೆ ತಾನೇ ಹೇಳಿಕೊಂಡಳು.

ಮಾವ ಮತ್ತೊಮ್ಮೆ ತೆಗೆದ. ಅವತ್ತು ಅತ್ತೆಯೂ ನಾನೂ ಸ್ಕೂಲಿನಲ್ಲಿದ್ದೆವು. ಒಂದು ಸಲ ಗುಂಡಿ ಒತ್ತಿ, ನಿಲ್ಲಿಸುವುದು ಮರೆತು ಅವನು ಅಂಗಡಿಬೀದಿಗೆ ಹೋಗಿದ್ದಾನೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವ ಡಬ್ಬಿಯ ಜೊತೆ ಮಾತಿಗೆ ಕೂತಿದ್ದಾಳೆ. ಯಾರೂ ನೋಡಿರದ ಆ ಟೇಪನ್ನು ಮಾರನೇ ದಿನ ಕ್ಲಾಸಿನಲ್ಲಿ ಟೀವಿಗೆ ಹಾಕಿದಾಗ ಬಿಳೀ ಹಿಟ್ಟು ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತಿತ್ತು, ಅದರ ಹಿಂದಿನಿಂದ ಅವ್ವನ ದನಿ ಬಂತು: "ಎಂದುಕೇ ಇಂಗೆ ಉಬ್ತೀಯೇ? ಒಳಗೆ ಯಾರವ್ರೇ ಊದೋರು? ಬೆಳಿಗ್ಗೆ ಕಾಲು ಡಬ್ಬಿ ಇದ್ದೆ, ಈಗ ನೋಡು, ಬಸುರಿ ಆದಂಗೆ ಆಗಿದ್ದೀಯ. ಎಂದುಕೇ?" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅತ್ತೆ ಗಾಬರಿಯಾಗಿ ಟೀವಿ ಆರಿಸಲು ಎದ್ದಳು. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬಳು, "ಗಾಳಿ ಮಿಸ್, ಒಳಗೆ ಗಾಳಿ ಐತೆ" ಅಂದಳು. ಇನ್ನೊಬ್ಬ, "ಗಾಳಿ ಎಲ್ಲಿಂದ ಬಂತೇ, ಮುಚ್ಚಳ ಹಾಕಿದ್ರಲ್ಲ" ಅಂದ. ಫ್ರಿಜ್ಜಿನಲ್ಲಿಟ್ಟರೆ ಉಬ್ಬಲ್ಲ ಅಂದರೊಬ್ಬರು, ಚಳಿಗಾಲದಲ್ಲಿ ನಮ್ಮಮ್ಮ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸ್ತಾಳೆ ಅಂದರು ಇನ್ನೊಬ್ಬರು. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ. ಅತ್ತೆ ಟೀವಿಯ ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದಿನಿಂದ ಪದ್ಧತಿಯೇ ಬದಲಾಯಿತು. ಮಾವ ತೆಗೆಯುವುದು, ಅವ್ವ ಬಾಯಿಗೆ ಬಂದದ್ದು ಕೇಳುವುದು, ಉತ್ತರ ಬರುವ ಮೊದಲೇ ವಿಡಿಯೊ ಮುಗಿಯುವುದು. ಹಾಲಿಗೆ ಹೆಪ್ಪು ಹಾಕಿದ್ದು, ಉಪ್ಪುನೀರಿನಲ್ಲಿ ಮೊಟ್ಟೆ ತೇಲಿದ್ದು, ಮಳೆ ಬರುವ ಮುಂಚೆ ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದ್ದು, ಹಿಪ್ಪುನೇರಳೆ ಎಲೆಯನ್ನು ರೇಷ್ಮೆಹುಳು ಅಂಚಿನಿಂದ ಕುಯ್ದ ಹಾಗೆ ತಿಂದದ್ದು. ಅವ್ವನ ಪ್ರಶ್ನೆಗಳಲ್ಲಿ ಜಾಣತನವೇನೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬ ಸಂಕೋಚವೂ ಇರಲಿಲ್ಲ, ಅಷ್ಟೇ. ವಿಡಿಯೊದಲ್ಲಿ ಅವಳ ಮುಖ ಎಂದೂ ಬರಲಿಲ್ಲ. "ಮುದುಕಿ ಮುಖ ಏನು ನೋಡ್ತಾವೆ, ಹುಳ ತೋರಿಸು" ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು. ಮಕ್ಕಳು ಅವಳಿಗೆ ಎಂದುಕಜ್ಜಿ ಎಂದು ಹೆಸರಿಟ್ಟರು. ತೆಲುಗು ಬಾರದ ಹುಡುಗರೂ ಗೋಲಿ ಆಡುವಾಗ "ಎಂದುಕೇ?" ಅನ್ನತೊಡಗಿದರು.

ಮರುವರ್ಷದ ಆಷಾಢದಲ್ಲಿ ಅವರೆಕಾಳು ಮೊಳೆಯುವುದನ್ನು ತೆಗೆಯುತ್ತಿದ್ದೆವು. ಗಾಜಿನ ಲೋಟದ ಒಳಗೋಡೆಗೆ ಹತ್ತಿಯ ಆಸರೆ ಕೊಟ್ಟು ಕಾಳನ್ನಿಟ್ಟಿದ್ದೆವು. ಮಾವ ಗೌರಿಬಿದನೂರಿಗೆ ಹೋಗಿದ್ದ ಹೊತ್ತಿನಲ್ಲಿ ಅವ್ವ, "ಒಡೀತಾ ಇದೆ, ಬಾರೇ ನಾಗೂ, ಬಾರೇ" ಎಂದು ಕೂಗಿದಳು. ಅತ್ತೆ ಓಡಿ ಬಂದವಳು ಮೇಜಿನ ಮೇಲಿದ್ದ ಟೇಪನ್ನು ಕ್ಯಾಮೆರಾಕ್ಕೆ ತುರುಕಿ ಗುಂಡಿ ಒತ್ತಿದಳು. ಅದು ಜ್ಯೇಷ್ಠದ ಕೊನೆಯ ಮದುವೆಯ ಟೇಪು. ಚಿಕ್ಕಬಳ್ಳಾಪುರದ ಮಿಕ್ಸಿಂಗ್ ಸ್ಟುಡಿಯೊಕ್ಕೆ ಕೊಡುವ ಮುಂಚೆ ಮಾವ ಧಾರೆಯ ಭಾಗ ನೋಡಿ, ಅಲ್ಲಿಗೇ ನಿಲ್ಲಿಸಿ ಇಟ್ಟಿದ್ದ. ಸಂಜೆ ಅವನು ಟೇಪು ಹಾಕಿದಾಗ ಹೆಣ್ಣಿನ ಕೊರಳ ಹತ್ತಿರ ತಾಳಿ ಬಂತು, ಗಟ್ಟಿಮೇಳ ಏರಿತು, ಥಟ್ಟನೆ ಒಂದು ಅವರೆಕಾಳು. ತಾನು ತುರುಕಿದ್ದು ಯಾವ ಟೇಪೆಂದು ಅತ್ತೆಗೆ ಆಗ ತಿಳಿಯಿತು. ಮಾವ ಕಿರುಚಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ನೋಡಿದ. ಬಾಯಿಂದ ಬಾಯಿಗೆ ಹೋಗುವ ಹೆಸರಿನ ಮೇಲೆ ನಡೆಯುವ ಕಸುಬು ಅದು.

ಮದುಮಗಳು ಮಂಜುಳಾ ಆಷಾಢಕ್ಕೆಂದು ಕೈವಾರದ ಹತ್ತಿರದ ತವರಿಗೆ ಹೋಗಿದ್ದಳು. ಭಾನುವಾರ ನಾವು ನಾಲ್ವರೂ ಬಸ್ಸು ಹತ್ತಿದೆವು. ಅವ್ವನನ್ನು ಬೇಡವೆಂದರೂ ಕೇಳಲಿಲ್ಲ. ಅವರ ಮನೆಯ ಟೀವಿಗೆ ವೈರು ಸಿಕ್ಕಿಸಿ ಮಾವ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ. ಗಟ್ಟಿಮೇಳ ನಿಂತು ಅವ್ವನ ದನಿ ನಡುಮನೆ ತುಂಬಿತು: "ಎಂದುಕೇ ಬೇರು ಕೆಳಕ್ಕೇ ಹೋಗ್ತದೆ? ಕತ್ತಲಲ್ಲಿ ಇದಕ್ಕೆ ದಾರಿ ಹೆಂಗೆ ಗೊತ್ತು? ತಲೆಕೆಳಗೆ ಇಟ್ರೆ ಏನ್ ಮಾಡ್ತೀಯೇ?" ಮಂಜುಳೆಯ ಅಪ್ಪ ಕೆಂಪಗಾದರು. "ಏನಪ್ಪಾ, ನನ್ನ ಮಗಳ ಕೊರಳಿಗೆ ತಾಳಿ ಬೀಳೋ ಹೊತ್ತಲ್ಲಿ ಅವರೆಕಾಳು ತೋರಿಸ್ತೀಯಾ?" ಮಾವ ಬಾಯಿ ತೆರೆಯುವ ಮೊದಲೇ ಅತ್ತೆ, "ತಪ್ಪು ಇವರದ್ದಲ್ಲಣ್ಣ, ನಂದು. ನೋಡದೆ ಟೇಪು ಹಾಕಿದ್ದು ನಾನು" ಅಂದಳು. ಅವ್ವ, "ಕೂಗಿದ್ದು ನಾನಪ್ಪಾ, ನನ್ನ ಬೈಯಿ" ಅಂದಳು.

ಆಗ ನಕ್ಕವಳು ಮಂಜುಳಾ. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾರದೆ ನಕ್ಕಳು. "ತಾಳಿ ಕಟ್ಟೋವಾಗ ನಾನು ತಲೆ ಬಗ್ಗಿಸಿಕೊಂಡಿದ್ದೆ, ಏನೂ ಕಾಣ್ಲಿಲ್ಲ ಅಪ್ಪಾ. ಇದಾದ್ರೂ ಕಂಡ್ತಲ್ಲ ಬಿಡು" ಎಂದವಳು ಅವ್ವನ ಕಡೆ ತಿರುಗಿ, "ತಲೆಕೆಳಗೆ ಇಟ್ರೆ ಏನಾಯ್ತಜ್ಜಿ?" ಎಂದು ಕೇಳಿದಳು. "ನಂಗೇನು ಗೊತ್ತಮ್ಮಾ, ಇಟ್ಟು ನೋಡು" ಅಂದಳು ಅವ್ವ. ಅವರಪ್ಪನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಇನ್ನೊಬ್ಬ ಮಗಳ ಮದುವೆಗೆ ಅವರು ಬೇರೆಯವರನ್ನು ಕರೆಸಿದರು. ಆದರೂ ಅವತ್ತು ನಮ್ಮನ್ನು ಉಣ್ಣದೆ ಕಳಿಸಲಿಲ್ಲ, ಕಳೆದುಹೋದ ಜಾಗಕ್ಕೆ ಫೋಟೊಗಳನ್ನು ಸೇರಿಸಲು ಒಪ್ಪಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ, "ಸಾಕು ರೀ, ಇನ್ನು ಕ್ಯಾಮೆರಾ ಒಳಗಿಡಿ" ಎಂದು ಕಣ್ಣೊರೆಸಿಕೊಂಡಳು. ಬಸ್ಸು ಶಿಡ್ಲಘಟ್ಟ ದಾಟಿದ ಮೇಲೆ ಮಾವ ಅಂದ: "ಆ ತಲೆಕೆಳಗಿನ ಕಾಳು ತೆಗೀಲೇ ಇಲ್ಲ ಅಲ್ವಾ? ನಾಳೆ ನೆನೆಹಾಕು."

ಅವ್ವ ಹೋದದ್ದು ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಸೊಗಡಿನ ಕಾಲದಲ್ಲಿ, ಸಣ್ಣ ಜ್ವರದ ನೆಪದಲ್ಲಿ. ಸುದ್ದಿ ಯಾರು ಮುಟ್ಟಿಸಿದರೋ, ಹೊತ್ತೇರುವಷ್ಟರಲ್ಲಿ ಸ್ಕೂಲಿನ ಮಕ್ಕಳು ಸಾಲಾಗಿ ಬಂದು ಜಗುಲಿಯ ಕೆಳಗೆ ನಿಂತರು. ಅವರಲ್ಲಿ ಬಹಳ ಜನ ಅವ್ವನನ್ನು ಕಂಡೇ ಇರಲಿಲ್ಲ. ಒಬ್ಬೊಬ್ಬರೇ ಹತ್ತಿರ ಬಂದು ಆ ಮುಖ ನೋಡಿದರು. ಎಂಟನೇ ಕ್ಲಾಸಿನ ಒಬ್ಬಳು ಪುಟ್ಟ ಹುಡುಗಿ ಅತ್ತೆಯ ಸೆರಗು ಹಿಡಿದು ಮೆಲ್ಲಗೆ, "ಇವರೇನಾ ಮಿಸ್? ಇಷ್ಟು ಸಣ್ಣಗಿದ್ರಾ?" ಅಂದಳು. ಬೆಳಗಿನಿಂದ ಅಳದೇ ಇದ್ದ ಅತ್ತೆ ಆಗ ಅವಳನ್ನು ತಬ್ಬಿಕೊಂಡು ಅತ್ತಳು. ಎಷ್ಟೋ ಊರಿನ ಎಷ್ಟೋ ಮುಖಗಳನ್ನು ಟೇಪಿಗೆ ತುಂಬಿದ್ದ ಮಾವನ ಹತ್ತಿರ ಹೆತ್ತವ್ವನ ಮುಖದ ಒಂದು ತುಣುಕೂ ಇರಲಿಲ್ಲ. ನೆಂಟರಲ್ಲೊಬ್ಬರು, "ಈಗಲಾದರೂ ತೆಗೆದಿಟ್ಟುಕೋಪ್ಪ" ಎಂದರು. ಮಾವ ತಲೆಯಾಡಿಸಿದ. "ಬೇಡ. ಅವ್ವ ಮಾತಾಡದೆ ಇರೋದನ್ನ ನಾನು ತೆಗೆಯಲ್ಲ."

ಆಮೇಲಿನದು ಎಲ್ಲ ಮನೆಗಳ ಕಥೆಯೇ. ಅತ್ತೆಗೆ ಶಿಡ್ಲಘಟ್ಟದ ಕಡೆ ವರ್ಗವಾಯಿತು. ಫೋನುಗಳಲ್ಲೇ ಕ್ಯಾಮೆರಾ ಬಂದ ಮೇಲೆ ಮಾವ ಸ್ಟುಡಿಯೊ ಮುಚ್ಚಿದ. ಮನೆ ಮಾರಿದರು, ಕೊಂಡವರು ಕೆಡವಿ ಅಂಗಡಿಗಳನ್ನು ಕಟ್ಟಿದರು. ಮಾವ ತೀರಿಕೊಂಡ ಮೇಲೆ ಶಿಡ್ಲಘಟ್ಟದ ಮನೆಯ ಅಟ್ಟದ ಪೆಟ್ಟಿಗೆಯಲ್ಲಿದ್ದ ಟೇಪುಗಳನ್ನು ನಾನು ಚಿಕ್ಕಬಳ್ಳಾಪುರದ ಒಂದು ವಿಡಿಯೊ ಅಂಗಡಿಗೆ ಒಯ್ದು ತೋರಿಸಿದೆ. ಬೂಷ್ಟು ಹಿಡಿದು ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗಡಿಯವನು ಬೆಳಕಿಗೆ ಹಿಡಿದು ನೋಡಿ, "ಏನೂ ಬರಲ್ಲಕ್ಕ" ಅಂದ.

ಅತ್ತೆ ಈಗ ನನ್ನ ಜೊತೆ ಇದ್ದಾಳೆ. ಕೆಲವು ಸಂಜೆ ನಾವಿಬ್ಬರೂ ಕೂತು ಅವ್ವ ಕೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇವೆ. ಮಾತುಗಳು ತಪ್ಪದೆ ಬರುತ್ತವೆ, ಎಲ್ಲಿ ನಿಲ್ಲಿಸಿದಳು, ಎಲ್ಲಿ ನಕ್ಕಳು ಎಂಬುದೂ ಬರುತ್ತದೆ. ಆದರೆ ಮೊನ್ನೆ ಅತ್ತೆ ನಡುವೆ ತಡೆದು, "ದನಿ ಹೆಂಗಿತ್ತೇ?" ಎಂದು ಕೇಳಿದಳು. ನಾನು ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕಿವಿಗೊಟ್ಟೆ. ಬರಲಿಲ್ಲ. ಅತ್ತೆಯೂ ಕಣ್ಣು ಮುಚ್ಚಿ ಕೂತಿದ್ದಳು.