ಜ್ವರ ಯಾರಿಗೆ?

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಮುನಿರತ್ನಮ್ಮ ಎಂಬವರು ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಬಿದಿರಿನ ತಟ್ಟೆಯೊಂದನ್ನು ತೋರಿಸಿ, "ನೋಡಮ್ಮ, ಜ್ವರ ಬಂದಿರೋದು ಇವಕ್ಕೆ" ಅಂದರು.

ತಟ್ಟೆಯ ತುಂಬ ರೇಷ್ಮೆ ಹುಳು. ಒಂದೂ ಸೊಪ್ಪು ತಿನ್ನುತ್ತಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿವೆ.

"ಪೊರೆ ಬಿಡೋಕ್ ಮುಂಚೆ ಹಿಂಗೇ ಕೂತ್ಕೊಂತವೆ. ಅದಕ್ಕೇ ಜ್ವರ ಅಂತೀವಿ. ಇದು ಮೂರ್ನೇದು."

ನನ್ನ ಪೆನ್ನು ಅಲ್ಲೇ ನಿಂತುಹೋಯಿತು...

ನಾನು ದಾವಣಗೆರೆಯವಳು, ಓದಿದ್ದು ಫಿಸಿಕ್ಸ್. ಈಗ ಪಿಎಚ್‌ಡಿ ಮಾಡುತ್ತಿರುವುದು ಹವಾಮಾನವನ್ನೂ ಆರೋಗ್ಯವನ್ನೂ ಸೇರಿಸಿ ಹೊಸದಾಗಿ ಶುರುಮಾಡಿರುವ ಒಂದು ಕೋರ್ಸಿನಲ್ಲಿ.

ಮೊದಲ ವರ್ಷ ಬರೀ ಕ್ಲಾಸು. ಬೆಳಗ್ಗೆ ಮೋಡದ ಪಾಠ, ಮಧ್ಯಾಹ್ನ ಸೊಳ್ಳೆಯ ಪಾಠ, ಸಂಜೆ ಸ್ಟ್ಯಾಟಿಸ್ಟಿಕ್ಸ್. ಡಾಕ್ಟರುಗಳ ಜೊತೆ ಕೂತರೆ ನಾನು ಹವಾಮಾನದವಳು, ಹವಾಮಾನದವರ ಜೊತೆ ಕೂತರೆ ಆರೋಗ್ಯದವಳು.

ಎರಡನೇ ವರ್ಷ ಫೀಲ್ಡಿಗೆ ಕಳಿಸಿದರು. ಜಿಲ್ಲೆಯೂ ಹೊಸದು, ನಾನೂ ಹೊಸಬಳು. ಬೇಸಿಗೆಯಲ್ಲಿ ಮನೆಯೊಳಗಿನ ಶಾಖ ಅಳೆಯಬೇಕು, ಇತ್ತೀಚೆಗೆ ಮನೆಯಲ್ಲಿ ಜ್ವರ ಬಂದಿತ್ತಾ ಎಂದು ಕೇಳಬೇಕು. ಅಷ್ಟೇ ಕೆಲಸ.

ವಿದುರಾಶ್ವತ್ಥದ ಸುತ್ತಮುತ್ತ ಕೇಳಿದಾಗ ಹೆಚ್ಚಿನವರು "ಇಲ್ಲಮ್ಮ" ಅಂದರು. ಶಿಡ್ಲಘಟ್ಟ, ಚಿಂತಾಮಣಿ ಕಡೆ ಬಂದರೆ "ಹೂನಮ್ಮ, ಎರಡನೇ ಜ್ವರ ಆಯ್ತು", "ಮೂರನೇ ಜ್ವರ ನಡೀತೈತೆ"... ಮನೆ ಮನೆಯಲ್ಲೂ ಇದೇ ಉತ್ತರ!

ನನಗೆ ಇಬ್ಬರು ಗೈಡ್. ಡಾಕ್ಟರ್ ಸರ್ ಗಾಬರಿಯಾದರು. ಚಿಕೂನ್‌ಗುನ್ಯಾ ಬಂದು ಹೋಗಿ ಹೆಚ್ಚು ವರ್ಷವಾಗಿರಲಿಲ್ಲ. ಮತ್ತೆ ಮತ್ತೆ ಬರುವ ಜ್ವರ ಅಂದರೆ ಮಲೇರಿಯಾ ಇರಬಹುದು ಅಂದರು. ಹವಾಮಾನದ ಮೇಡಂಗೆ ಮಾತ್ರ ಒಳಗೊಳಗೇ ಖುಷಿ. ಶಾಖ ಹೆಚ್ಚಿರುವ ಕಡೆಯೇ ಜ್ವರವೂ ಹೆಚ್ಚು, ಗ್ರಾಫ್ ಎಷ್ಟು ಚೆನ್ನಾಗಿ ಬಂದಿದೆ ನೋಡು ಅಂದರು.

ಆದರೆ ಜ್ವರ ಬಂದಿದ್ದು ಹುಳುಗಳಿಗೆ. ಥರ್ಮಾಮೀಟರ್ ಹಿಡಿದುಕೊಂಡು ಬಂದವಳನ್ನು ಜನ ರೇಷ್ಮೆ ಇಲಾಖೆಯವಳು ಅಂದುಕೊಂಡಿದ್ದರು.

ಡಾಕ್ಟರ್ ಸರ್‌ಗೆ ಫೋನ್ ಮಾಡಿ ಹೇಳಿದೆ. "ಹಾಗಂತ ಎಲ್ಲಾ ಉತ್ತರಾನೂ ಒಟ್ಟಿಗೆ ಹೊಡೆದು ಹಾಕಬೇಡ. ಒಂದೊಂದು ಮನೆಗೂ ಹೋಗಿ ಕೇಳಿಕೊಂಡು ಬಾ" ಅಂದರು.

ಹೋದೆ. ಹೋದಲ್ಲೆಲ್ಲ ನಗು. "ಹುಳಕ್ಕೇ ಕಣಮ್ಮ, ನಮಗೇನಾಗೈತೆ!" ನಾನೂ ನಕ್ಕು, ಗೀಟು ಹಾಕಿ, ಮುಂದಿನ ಮನೆಗೆ.

ಕೊನೆಗೆ ಕೆಂಚಾರ್ಲಹಳ್ಳಿ. ಗೌರಮ್ಮ ಎಂಬವರು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಬಿಸಿಲಿಗೆ ನನಗೂ ಸಾಕಾಗಿತ್ತು. ಬೀದಿಯಲ್ಲೇ ನಿಂತು ಕೇಳಿದೆ, "ನಾಲ್ಕನೇ ಜ್ವರ ಅಂದಿದ್ರಲ್ಲಮ್ಮ, ಹುಳಕ್ಕೆ ತಾನೆ?"

ಅವರು ನಗಲಿಲ್ಲ.

"ಹುಳ ಎಲ್ಲೈತಮ್ಮ? ಸಾಕೋದು ಬಿಟ್ಟು ವರ್ಷದ ಮೇಲಾಯ್ತು. ಜ್ವರ ನಮ್ ಸೊಸೆಗೆ. ಬರ್ತದೆ, ಹೋಗ್ತದೆ, ತಿರ್ಗಾ ಬರ್ತದೆ. ಇದು ನಾಲ್ಕ್ನೇ ಸಲ."

ಮೊದಲ ಸಲ ನಾನು ಬಂದ ದಿನ ಜ್ವರ ಸ್ವಲ್ಪ ಬಿಟ್ಟಿದ್ದರಿಂದ ಸೊಸೆ ಸುಮಿತ್ರ ತೋಟಕ್ಕೆ ಹೋಗಿದ್ದಳಂತೆ. ಈಗ ಒಳಗೆ, ಆ ಸೆಖೆಯಲ್ಲಿ, ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾಳೆ. ನನಗಿಂತ ಚಿಕ್ಕವಳು.

ನನ್ನ ಬ್ಯಾಗಿನಲ್ಲಿದ್ದದ್ದು ಕೋಣೆಯ ಶಾಖ ಅಳೆಯುವ ಥರ್ಮಾಮೀಟರ್. ಏನು ಮಾಡಬೇಕೋ ತೋಚದೆ ಅವಳ ಹಣೆ ಮುಟ್ಟಿದೆ. ಸುಡುತ್ತಿತ್ತು.

"ನೀವು ಡಾಕ್ಟ್ರಾ ಅಕ್ಕ?" ಅಂತ ಕೇಳಿದಳು.

"ಇಲ್ಲಮ್ಮ... ಮುಂದೆ ಆಗ್ತೀನಿ, ಆದ್ರೆ ಆ ಥರದ ಡಾಕ್ಟ್ರಲ್ಲ."

"ಮತ್ಯಾಕಮ್ಮ ಬಂದಿದ್ದು ನೀನು?" ಅಂದರು ಗೌರಮ್ಮ. ಕೋಪ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಆಟೋ ಹಿಡಿದು ಮೂವರೂ ಚಿಂತಾಮಣಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಸುಮಿತ್ರ ನನ್ನ ಭುಜಕ್ಕೆ ಒರಗಿದ್ದಳು. ರಕ್ತ ಪರೀಕ್ಷೆ ಮಾಡಿದರು. ಮಲೇರಿಯಾ. ಹಿಂದೆಲ್ಲ ಎರಡು ದಿನ ಮಾತ್ರೆ ನುಂಗಿ, ಜ್ವರ ಬಿಟ್ಟ ಕೂಡಲೇ ನಿಲ್ಲಿಸುತ್ತಿದ್ದಳಂತೆ.

ಈ ಸಲ ಪೂರ್ತಿ ನುಂಗಿದ್ದಾಳೆ. ಮೊನ್ನೆ ಹೋದಾಗ ಎದ್ದು ಓಡಾಡುತ್ತಿದ್ದಳು, ಮುಖ ಇನ್ನೂ ಬಿಳಿಚಿಕೊಂಡಿದೆ. ಗೌರಮ್ಮ ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ನಾನು ಯಾವ ಆಫೀಸಿನವಳು ಅಂತ ಇನ್ನೂ ಅವರಿಗೆ ಅರ್ಥವಾಗಿಲ್ಲ.

ಕಾಲೇಜಿನಲ್ಲಿ ಗ್ರಾಫ್ ಮಕಾಡೆ ಮಲಗಿತು. ಪ್ರಶ್ನೆಯನ್ನು "ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾಗಿತ್ತಾ?" ಎಂದು ತಿದ್ದಿಕೊಂಡಿದ್ದೇವೆ. ಸುಮಿತ್ರಳ ವಿಷಯ ಥೀಸಿಸ್‌ನಲ್ಲಿ ಎಲ್ಲಿ ಬರೆಯಲಿ ಅಂದರೆ, ಒಂದೇ ಒಂದು ಕೇಸಿನಿಂದ ಏನೂ ಸಾಬೀತಾಗುವುದಿಲ್ಲ ಅಂದರು ಮೇಡಂ. ಅದೂ ಸರಿಯೇ.

ಆದರೂ ಒಂದು ಯೋಚನೆ ಬಿಡುತ್ತಿಲ್ಲ. ಅವರು ಇನ್ನೂ ಹುಳು ಸಾಕುತ್ತಿದ್ದು, ಗೌರಮ್ಮ ಕೂತಲ್ಲಿಂದಲೇ "ಹೂಂ, ಹುಳಕ್ಕೂ ಜ್ವರ" ಅಂದಿದ್ದರೆ ನಾನು ಆ ಹೊಸಿಲು ದಾಟುತ್ತಿದ್ದೆನಾ?